ಮನಜುರು: ಅಳತೆಗೆ ಸಿಗದ ಸೊಬಗಿಗೂ ನಿಯಮ

ಮಾನ್ಯರೇ,

ಜಪಾನಿನ ಊರುಗಳ ಅಂದಚಂದವನ್ನು ಅಲ್ಲಿನವರ ಶಿಸ್ತಿನ ಫಲವೆಂದಷ್ಟೇ ಬಣ್ಣಿಸುವ ವರದಿಗಳು ಅದರ ಹಿಂದಿರುವ ಕಟ್ಟಳೆಗಳನ್ನು ಮರೆಮಾಚುತ್ತವೆ. ಕನಗಾವಾ ಪ್ರಾಂತ್ಯದ ಪುಟ್ಟ ಬಂದರು ಪಟ್ಟಣ ಮನಜುರುವನ್ನೇ ನೋಡಿ. 1980ರ ದಶಕದ ಕೊನೆಯಲ್ಲಿ ಭೂಮಿಯ ಬೆಲೆ ಗಗನಕ್ಕೇರಿದಾಗ ರೆಸಾರ್ಟ್ ಮಾದರಿಯ ಬಹುಮಹಡಿ ಕಟ್ಟಡಗಳು ಅಲ್ಲಿಗೂ ನುಗ್ಗಲು ಹವಣಿಸಿದವು. ನೀರಿಗೆ ಮೊದಲೇ ಬರವಿದ್ದ ಪಟ್ಟಣ, ದೊಡ್ಡ ಯೋಜನೆಗಳಿಗೆ ನೀರಿನ ಸಂಪರ್ಕವನ್ನೇ ನಿರ್ಬಂಧಿಸಿತು. ಅದು ತಾತ್ಕಾಲಿಕ ತಡೆಗೋಡೆ, ಅಷ್ಟೆ.

ನಿಜವಾದ ಕೆಲಸ ನಡೆದದ್ದು 1993ರಲ್ಲಿ ಅಂಗೀಕರಿಸಿದ 'ಸೌಂದರ್ಯ ನಿಯಮಾವಳಿ'ಯಲ್ಲಿ. ಅದರ 69 ಸೂತ್ರಗಳು ಬರಿಯ ಮೀಟರು, ಶೇಕಡಾವಾರುಗಳಲ್ಲ. 'ಶಾಂತ ಹಿತ್ತಲ ಓಣಿ', 'ಕೂರಬಹುದಾದ ಮೆಟ್ಟಿಲು', 'ಹಣ್ಣು ಬಿಡುವ ಮರ' ಎಂಬಂಥ ಮಾತುಗಳು. ಸೈಕಲ್ಲೂ ಕಷ್ಟದಲ್ಲಿ ಹೋಗುವ ಓಣಿಗಳು ನಡೆಯುವವರ ದಾರಿಯಾಗಿ, ನೆರೆಹೊರೆಯ ಹರಟೆಯ ಜಾಗವಾಗಿ ಉಳಿಯಬೇಕೆಂಬುದು ಅದರ ಆಶಯ. ಕಟ್ಟುವವರು ಈ ಸೂತ್ರಗಳನ್ನು ಮುಂದಿಟ್ಟುಕೊಂಡು ಪುರಸಭೆಯೊಂದಿಗೆ ಚರ್ಚಿಸಬೇಕು.

ದೌರ್ಬಲ್ಯವೂ ಇಲ್ಲೇ ಇದೆ. ರಾಷ್ಟ್ರೀಯ ಕಟ್ಟಡ ಕಾಯ್ದೆ ಒಪ್ಪಿದ ಕಟ್ಟಡವನ್ನು ಸ್ಥಳೀಯ ನಿಯಮ ಸಲೀಸಾಗಿ ತಡೆಯಲಾರದು. ಮಾತುಕತೆಯೇ ಅದರ ಮುಖ್ಯ ಅಸ್ತ್ರ. ಇಂಥ ಪ್ರಯತ್ನಗಳಿಗೆ ದೇಶಮಟ್ಟದ ಕಾನೂನಿನ ಬಲ ಬಂದದ್ದು 2004ರ ಭೂದೃಶ್ಯ ಕಾಯ್ದೆಯಿಂದ.

ಜಪಾನಿನ ಉದ್ಯಾನ, ಬೀದಿಗಳ ಚಿತ್ರಗಳ ಜೊತೆಗೆ ಈ 69 ಸೂತ್ರಗಳಲ್ಲಿ ಹತ್ತನ್ನಾದರೂ ಕನ್ನಡಕ್ಕೆ ತಂದು ಪತ್ರಿಕೆ ಪ್ರಕಟಿಸಲಿ. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೂ ವಾರ್ಡ್ ಸಮಿತಿಗಳಿಗೂ ಚಿತ್ರಗಳಿಗಿಂತ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.