ಮಕ್ಕಳನ್ನು ಕಂಡರೆ ಹೆದರುವ ನಾಯಿ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆ, ಸಂಜೆ ಪಾರ್ಕಿನ ತುಂಬ ಮಕ್ಕಳು. ಹೆದರುವ ನಾಯಿಯನ್ನು ದಯವಿಟ್ಟು ಜಾರುಬಂಡೆ ಹತ್ತಿರ ಎಳೆದುಕೊಂಡು ಹೋಗಬೇಡಿ. ‘ಅಭ್ಯಾಸ ಆಗುತ್ತೆ ಬಿಡಿ’ ಅಂತಾರೆ, ಆದರೆ ಹಾಗೆ ಮಾಡಿದರೆ ಭಯ ಜಾಸ್ತಿಯೇ ಆಗುತ್ತದೆ. ಗೇಟಿನ ಆಚೆ ನಿಲ್ಲಿ. ಮಗು ಕಣ್ಣಿಗೆ ಬಿದ್ದ ಕೂಡಲೇ ನಾಯಿಗೆ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ, ಮಗು ಮರೆಯಾದರೆ ನಿಲ್ಲಿಸಿ. ತಿನ್ನಲಿಲ್ಲವಾ? ಇನ್ನೂ ದೂರ ಹೋಗಿ.

ಸುಮ್ನೆ ಆಕಳಿಸುವುದು, ಪದೇಪದೇ ತುಟಿ ನೆಕ್ಕುವುದು, ಬಾಲ ಮುದುರುವುದು ಹೆದರಿಕೆಯ ಗುರುತು. ಗುರ್ ಅಂದರೆ ಬೈಯಬೇಡಿ. ಪಾಪ, ಅದು ಮೊದಲೇ ಎಚ್ಚರಿಸುತ್ತಿದೆ ಅಲ್ವಾ? ತಕ್ಷಣ ತಿರುಗಿಸಿಕೊಂಡು ಬನ್ನಿ. ಮುಟ್ಟಲು ಬಂದ ಮಗುವಿಗೆ ‘ಬೇಡ ಪುಟ್ಟ, ಇವನಿಗೆ ಭಯ’ ಎನ್ನಲು ಸಂಕೋಚ ಬೇಡ.

ಅಪ್ಪ ಅಮ್ಮಂದಿರೇ, ನಾಯಿ ಹತ್ತಿರ ಓಡಿ ಹೋಗಬಾರದು, ಕೇಳದೆ ಮುಟ್ಟಬಾರದು ಅಂತ ಮಕ್ಕಳಿಗೆ ಇವತ್ತೇ ಹೇಳಿ.