ಮಿಲಿಟರಿ ಬಂದ್ರೆ ಎಲ್ಲ ಸರಿಹೋಗುತ್ತೆ ಅಂದ್ಯಲ್ಲ ಗೆಳೆಯಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ನೀನು "ಒಂದೈದು ವರ್ಷ ದೇಶಾನ ಮಿಲಿಟರಿ ಕೈಗೆ ಕೊಟ್ರೆ ಎಲ್ಲ ನೆಟ್ಟಗಾಗುತ್ತೆ" ಅಂದೆ, ಆಗ ನಾನು ಮಾತು ಬೆಳೆಸ್ಲಿಲ್ಲ, ಆದ್ರೆ ಮನಸ್ಸಲ್ಲೇ ಕೊರೀತಿತ್ತು ಅದಕ್ಕೇ ಬರೀತಿದೀನಿ. ನೈಜೀರಿಯಾದ ಮಿಲಿಟರಿ ಆಫೀಸರ್ ಶೇಹು ಮೂಸಾ ಯಾರ್‌ಅದುವಾ ಹೆಸರು ನೀನು ಕೇಳಿರ್ಲಿಕ್ಕಿಲ್ಲ, ಅವ್ನ ಕಥೆ ಹೇಳ್ತೀನಿ ಕೇಳು.

1943ರಲ್ಲಿ ಕಟ್ಸಿನಾದಲ್ಲಿ ಹುಟ್ಟಿದ್ದು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಅಕಾಡೆಮಿಲಿ ಟ್ರೇನಿಂಗು, ವಾಪಸ್ ಬಂದು ಬಿಯಾಫ್ರಾ ಯುದ್ಧ, ಅಂದ್ರೆ ಬೇರೆ ದೇಶ ಆಗೋಕೆ ಹೊರಟ ಬಿಯಾಫ್ರಾ ಜೊತೆ ನಡೆದ ಅಂತರ್ಯುದ್ಧ. 1975ರ ಜುಲೈನಲ್ಲಿ ಆಗ ದೇಶ ಆಳ್ತಿದ್ದ ಜನರಲ್ ಗೋವನ್ ಉಗಾಂಡಾದ ಕಂಪಾಲಾದಲ್ಲಿ ಸಮ್ಮೇಳನಕ್ಕೆ ಹೋದಾಗ ಇತ್ತ ಅಧಿಕಾರ ಕಿತ್ಕೊಂಡ ಆಫೀಸರುಗಳಲ್ಲಿ ಶೇಹುನೂ ಒಬ್ಬ. ಹೊಸ ಸರ್ಕಾರದಲ್ಲಿ ಸಾರಿಗೆ ಖಾತೆ ಸಿಕ್ತು. ಆಗ ಲಾಗೋಸ್ ಬಂದರು ಹೇಗಿತ್ತು ಗೊತ್ತಾ, ಎಣ್ಣೆ ದುಡ್ಡು ಬಂದ ಭರದಲ್ಲಿ ಗೋವನ್ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಬಿಟ್ಟಿತ್ತು, ಬಹುಪಾಲು ರಕ್ಷಣಾ ಇಲಾಖೆದೇ, ಬಂದರಿಗೆ ಅಷ್ಟು ಇಳಿಸ್ಕೊಳ್ಳೋ ತಾಕತ್ತಿಲ್ಲ, ನೂರಾರು ಹಡಗು ತಿಂಗಳುಗಟ್ಲೆ ನೀರಲ್ಲೇ ಕಾಯ್ತಾ ನಿಂತಿದ್ವು, ಸಿಮೆಂಟು ಒಳಗೇ ಗಟ್ಟಿಯಾಗ್ತಿತ್ತು, ಕಾಯ್ಸಿದ್ದಕ್ಕೆ ಹಡಗಿನವ್ರಿಗೆ ದಂಡ ಬೇರೆ ಕಟ್ಬೇಕು. ಯಾಕೆ ಅಂತ ಕೇಳೋರೇ ಇಲ್ಲದ ಕಡೆ ಹೀಗೇ ಆಗೋದು ಕಣೋ. ಆ ಗೋಜಲು ಬಿಡಿಸೋದ್ರಲ್ಲಿ ಶೇಹು ಪಾತ್ರ ದೊಡ್ಡದು, ಅದನ್ನ ಒಪ್ಕೋತೀನಿ.

1976ರ ಫೆಬ್ರವರಿಲಿ, ಗೋವನ್ ಜಾಗಕ್ಕೆ ಬಂದಿದ್ದ ಜನರಲ್ ಮುರ್ತಲಾ ಕೊಲೆಯಾಯ್ತು, ಅದೇ ಸರ್ಕಾರದ ಇನ್ನೊಬ್ಬ ಜನರಲ್ ಒಬಸಾಂಜೊ ಮುಖ್ಯಸ್ಥನಾದ, ಇನ್ನೂ 33 ತುಂಬದ ಶೇಹು ದೇಶಕ್ಕೇ ಎರಡನೇ ಮನುಷ್ಯ. 1979ರ ಅಕ್ಟೋಬರ್ 1ಕ್ಕೆ ಇಬ್ರೂ ಚುನಾಯಿತ ಸರ್ಕಾರಕ್ಕೆ ಅಧಿಕಾರ ಬಿಟ್ಕೊಟ್ಟು ಹೊರನಡೆದ್ರು.

ಆಮೇಲೆ ಬಿಸಿನೆಸ್, ಬ್ಯಾಂಕು, ಶ್ರೀಮಂತ ಉದ್ಯಮಿ ಅಬಿಯೋಲಾ ಜೊತೆ ಹಡಗು ಕಂಪನಿ. ಅಧಿಕಾರದಲ್ಲಿದ್ದಾಗಿನ ಪರಿಚಯ ಇಲ್ದೆ ಅಷ್ಟು ಬೇಗ ಬೆಳೀತಿರ್ಲಿಲ್ಲ ಅಂತ ನಂಗನ್ಸುತ್ತೆ. ಆದ್ರೆ ಆ ದುಡ್ಡನ್ನ ರಾಜಕೀಯಕ್ಕೆ ಸುರಿದ, ಉತ್ತರ ದಕ್ಷಿಣ ಅನ್ನದೆ ಊರೂರಲ್ಲಿ ಜನ ಕಟ್ಟಿದ, ಮುಂದೆ ಉಪಾಧ್ಯಕ್ಷನಾದ ಅತಿಕು ಅಬೂಬಕರ್ ಬೆಳೆದಿದ್ದೂ ಆ ಗುಂಪಲ್ಲೇ. 1992ರಲ್ಲಿ ಎಸ್‌ಡಿಪಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಗೋ ರೇಸಲ್ಲಿ ಮುಂದಿದ್ದಾಗ ಆಗ ದೇಶ ಆಳ್ತಿದ್ದ ಬಬಂಗಿಡಾ ಆ ಪ್ರಕ್ರಿಯೆನೇ ರದ್ದು ಮಾಡ್ದ, ಅಷ್ಟೊತ್ತಿಗೆ ಮಿಲಿಟರಿ ಮತ್ತೆ ಅಧಿಕಾರ ಹಿಡ್ದಿತ್ತು, ಅವ್ನೂ ಮಿಲಿಟರಿಯವ್ನೇ. ಮರುವರ್ಷ ಅಬಿಯೋಲಾ ಗೆದ್ದ ಚುನಾವಣೆನೂ ರದ್ದು.

ಆಮೇಲೆ ಬಂದವ್ನು ಇನ್ನೊಬ್ಬ ಜನರಲ್, ಅಬಾಚ. ಅವ್ನೇ ಕರೆದ ಸಂವಿಧಾನ ಸಮ್ಮೇಳನದಲ್ಲಿ ಶೇಹು ಮುಂದೆ ನಿಂತು, 1996ರ ಜನವರಿ 1ಕ್ಕೆ ಮಿಲಿಟರಿ ಅಧಿಕಾರ ಬಿಡ್ಬೇಕು ಅಂತ ನಿರ್ಣಯ ಮಾಡ್ಸಿದ. ಎಂಥ ಧೈರ್ಯ ಬೇಕು ನೋಡು, ಬಂದೂಕು ಹಿಡ್ಕೊಂಡು ಕೂತವ್ನಿಗೆ ನೀನು ಹೋಗೋ ದಿನ ಇದು ಅನ್ನೋಕೆ. 1995ರ ಮಾರ್ಚಲ್ಲಿ ಅರೆಸ್ಟಾದ, ಕ್ಷಿಪ್ರಕ್ರಾಂತಿಗೆ ಸಂಚು ಅನ್ನೋ ಆರೋಪ, ಒಬಸಾಂಜೊನೂ ಒಳಗೆ. ಮಿಲಿಟರಿ ನ್ಯಾಯಮಂಡಳಿ ಮರಣದಂಡನೆ ಕೊಡ್ತು, ಹೊರದೇಶಗಳಿಂದ ಒತ್ತಡ ಬಂದ ಮೇಲೆ ಅದನ್ನ ಜೈಲುಶಿಕ್ಷೆಗೆ ಇಳಿಸಿದ್ರು. 1997ರ ಡಿಸೆಂಬರ್ 8ಕ್ಕೆ ಅಬಕಾಲಿಕಿ ಜೈಲಲ್ಲಿ ಸತ್ತ, 54 ವರ್ಷ. ವಿಷ ಕೊಟ್ಟು ಕೊಂದ್ರು ಅನ್ನೋ ಅನುಮಾನ ಇವತ್ತಿಗೂ ಇದೆ.

ಆರೇ ತಿಂಗಳಿಗೆ ಅಬಾಚ ಸತ್ತ, ಜೈಲಿಂದ ಬಂದ ಒಬಸಾಂಜೊ 1999ರಲ್ಲಿ ಓಟಲ್ಲಿ ಗೆದ್ದು ಅಧ್ಯಕ್ಷನಾದ, 2007ರಲ್ಲಿ ಅಧಿಕಾರ ಬಿಟ್ಕೊಟ್ಟಿದ್ದು ಶೇಹುನ ತಮ್ಮ ಉಮರುಗೆ. ಇದನ್ನೆಲ್ಲ ಓದಿ ಫೋನ್ ಮಾಡು, ಆ ಐದು ವರ್ಷ ಮುಗಿದ ಮೇಲೆ ಅವ್ರನ್ನ ಎಬ್ಬಿಸೋರು ಯಾರು ಅಂತ ನಿನ್ನ ಕೇಳ್ಬೇಕು.

ನಿನ್ನ ಗೆಳೆಯ