ಮಗಳಿಗೊಂದು ಪತ್ರ: ಹಸಿರು ಪಟ್ಟೆಯ ಪೆನ್ನು

ಪುಟ್ಟಿಗೆ ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಇಂಕ್ ಪೆನ್ನು ಬಂತು. ಪೆಲಿಕಾನ್ ಕಂಪನಿಯ ಎಂ800, ಹಸಿರು ಪಟ್ಟೆಯದು. ಮೊನ್ನೆ ಫೋನಿನಲ್ಲಿ ನೀನು "ಅಷ್ಟು ದುಡ್ಡಿಗೆ ಒಂದು ಪೆನ್ನಾ ಅಪ್ಪಾ?" ಅಂದೆ. ಕೇಳಬೇಕಾದ ಮಾತೇ. ಬರೆದು ನೋಡದೆ ಏನು ಹೇಳುವುದು ಅಂತ ಸುಮ್ಮನಿದ್ದೆ. ಈ ಪತ್ರ ಅದರಲ್ಲೇ ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಬಿದ್ದದ್ದು ಕ್ಯಾಪಿನ ನೆತ್ತಿ. ಅಲ್ಲೊಂದು ತಾಯಿ ಪೆಲಿಕಾನ್ ಹಕ್ಕಿ, ಎದುರಿಗೆ ಒಂದು ಮರಿ. ಕೊಕ್ಕರೆ ಬೆಳ್ಳೂರಿನಲ್ಲಿ ಮರದ ತುದಿಯಲ್ಲಿ ನೋಡಿದ್ದೆವಲ್ಲ ಹೆಜ್ಜಾರ್ಲೆ, ಅದರ ಬಳಗದ್ದೇ. ಕ್ಲಿಪ್ ಕೂಡ ಅದರ ಉದ್ದ ಕೊಕ್ಕಿನ ಆಕಾರ. ಜರ್ಮನಿಯ ಹ್ಯಾನೋವರ್‌ನಲ್ಲಿ 1838ರಲ್ಲಿ ಬಣ್ಣ, ಇಂಕು ಮಾಡುತ್ತಾ ಶುರುವಾದ ಕಂಪನಿ ಇದು. ಮುಂದೆ ಮಾಲೀಕನಾದ ಗುಂಥರ್ ವ್ಯಾಗ್ನರ್ ತನ್ನ ಮನೆತನದ ಲಾಂಛನದಲ್ಲಿದ್ದ ಈ ಹಕ್ಕಿಯನ್ನೇ 1878ರಲ್ಲಿ ಕಂಪನಿಯ ಗುರುತಾಗಿ ನೋಂದಾಯಿಸಿದ. ಆಗ ಗೂಡಿನಲ್ಲಿ ಮರಿಗಳು ಜಾಸ್ತಿ ಇದ್ದವು, ಈಗ ಒಂದೇ. ನಮ್ಮ ಮನೆ ಲೆಕ್ಕಕ್ಕೆ ಸರಿಹೋಯಿತು.

ಇಂಕು ತುಂಬಿಸಲು ಡ್ರಾಪರ್ ಬೇಡ. ನಿಬ್ಬನ್ನು ಬಾಟಲಿಯಲ್ಲಿ ಅದ್ದಿ ಹಿಂದಿನ ತಿರುಪು ತಿರುಗಿಸಿದರೆ ಒಳಗಿನ ಪಿಸ್ಟನ್ ಕೆಳಗಿಳಿಯುತ್ತದೆ. ವಾಪಸ್ ತಿರುಗಿಸಿದರೆ ಇಂಕು ಎಳೆದುಕೊಂಡು ಮೇಲೇರುತ್ತದೆ. ಥಿಯೋಡೋರ್ ಕೊವಾಚ್ ಎಂಬ ಎಂಜಿನಿಯರ್ ಕಂಡುಹಿಡಿದ ಉಪಾಯವಿದು. 1929ರಲ್ಲಿ ಈ ಕಂಪನಿ ತಂದ ಮೊದಲ ಪೆನ್ನಿನಲ್ಲೇ ಇತ್ತು. ಬೆಳಕಿಗೆ ಹಿಡಿದರೆ ಪಟ್ಟೆಗಳ ಸಂದಿನಲ್ಲಿ ಇಂಕು ಎಷ್ಟು ಉಳಿದಿದೆ ಅಂತ ಕಾಣುತ್ತದೆ. ನನಗೆ ತುಂಬ ಹಿಡಿಸಿದ್ದು ಇದು. ಎಂ800ರಲ್ಲಿ ಪಿಸ್ಟನ್ ನಡೆಸುವ ಭಾಗ ಹಿತ್ತಾಳೆಯದು, ಹಾಗಾಗಿ ಭಾರ ಹಿಂದುಗಡೆಗೆ. ಅದಕ್ಕೇ ನಾನು ಕ್ಯಾಪನ್ನು ಹಿಂದೆ ಸಿಕ್ಕಿಸದೆ ಪಕ್ಕಕ್ಕಿಟ್ಟೇ ಬರೆಯುತ್ತೇನೆ.

ಇನ್ನು ನಿಬ್ಬು. 18 ಕ್ಯಾರೆಟ್ ಚಿನ್ನದ್ದು. ಚಿನ್ನ ಮೆತ್ತಗಲ್ವಾ, ಸವೆಯದಿರಲಿ ಅಂತ ತುದಿಗೆ ಗಟ್ಟಿ ಲೋಹದ ಸಣ್ಣ ಮಣಿ ಬೆಸೆದಿರುತ್ತಾರೆ. ನಮ್ಮ ಅಕ್ಷರಗಳಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ ಹೇಳು? ಎಲ್ಲಾ ಸುತ್ತು, ಕೊಂಡಿ, ತಲೆಕಟ್ಟು. ಬಾಲ್ ಪೆನ್ನಿನಲ್ಲಿ ಒಂದು ಪುಟ ಬರೆಯುವಷ್ಟರಲ್ಲಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ನೋಯುತ್ತದೆ. ಇದರಲ್ಲಿ ಒತ್ತುವ ಮಾತೇ ಇಲ್ಲ. ನಿನ್ನ ಅಮ್ಮ ರಂಗೋಲಿ ಎಳೆ ಬಿಡುವ ಹಾಗೆ, ಕೈ ಆಡಿದ ಕಡೆ ಗೆರೆ ತಾನಾಗಿ ಬೀಳುತ್ತದೆ. 'ಇ' ಬರೆದಾಗ ಆ ಸುತ್ತು ಮುಗಿಯುವ ಜಾಗದಲ್ಲಿ ಇಂಕು ಒಂದು ಕ್ಷಣ ಹಸಿಯಾಗಿ ಹೊಳೆದು ಆಮೇಲೆ ಆರುತ್ತದೆ. ಅದನ್ನು ನೋಡಲಿಕ್ಕೇ ನಿಧಾನ ಮಾಡುತ್ತೇನೆ.

ಒತ್ತಕ್ಷರ ಮಾತ್ರ ಸ್ವಲ್ಪ ಕಷ್ಟ. ನನ್ನದು ಎಫ್ ನಿಬ್ಬು, ಸಣ್ಣ ಗೆರೆಯದು. ಆದರೆ ಜರ್ಮನಿಯ ಎಫ್ ಜಪಾನಿನ ಎಫ್‌ಗಿಂತ ದಪ್ಪ. 'ರಾಷ್ಟ್ರ', 'ಲಕ್ಷ್ಮಿ' ಬರೆಯುವಾಗ ಕೆಳಗಿನ ಕೊಂಡಿಗಳು ಮುಚ್ಚಿಹೋಗುತ್ತವೆ. ಅದಕ್ಕೇ ಅಕ್ಷರ ದೊಡ್ಡದಾಗಿ, ಸಾಲು ಬಿಟ್ಟು ಬರೆದಿದ್ದೇನೆ, ನೋಡು. ಕಾಗದವೂ ಮುಖ್ಯ. ಮಾಮೂಲಿ ನೋಟ್‌ಬುಕ್ಕಿನಲ್ಲಿ ಇಂಕು ಹರಡಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ನಿನ್ನ ಪಿಯುಸಿ ರೆಕಾರ್ಡ್ ಪುಸ್ತಕದಲ್ಲಿ ಉಳಿದಿದ್ದ ದಪ್ಪ ಹಾಳೆಗಳು ಈಗ ಕೆಲಸಕ್ಕೆ ಬಂದವು.

ದುಡ್ಡಿನ ಮಾತಿಗೆ ಬರುತ್ತೇನೆ. ಇದರ ಹತ್ತನೇ ಒಂದು ಭಾಗ ದುಡ್ಡಿಗೆ ಸಿಗುವ ಸ್ಟೀಲ್ ನಿಬ್ಬೂ ಚೆನ್ನಾಗೇ ಬರೆಯುತ್ತದೆ. ಯಾರಾದರೂ ಕೇಳಿದರೆ ಅದನ್ನೇ ತಗೋ ಅನ್ನುತ್ತೇನೆ. ನನಗೆ ಬೇಕಿದ್ದದ್ದು ಇನ್ನುಳಿದ ವರ್ಷಗಳಲ್ಲಿ ದಿನಾ ಕೈಯಲ್ಲಿ ಹಿಡಿಯುವ ಒಂದು ವಸ್ತು. ಬೀರುವಿನಲ್ಲಿಟ್ಟು ಹಬ್ಬಕ್ಕೆ ತೆಗೆಯುವ ಸಾಮಾನು ಅಲ್ಲ. ಹಾಲಿನ ಲೆಕ್ಕವನ್ನೂ ಇದರಲ್ಲೇ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಸಾರ್ಥಕ.

ಲಕೋಟೆಯ ಮೇಲಿನ ವಿಳಾಸ ಮಾತ್ರ ಬಾಲ್ ಪೆನ್ನಿನದು. ಈ ರಾಯಲ್ ಬ್ಲೂ ಇಂಕು ನೀರಿಗೆ ಬಿಟ್ಟುಕೊಳ್ಳುತ್ತದೆ, ಮಳೆಗಾಲ ಬೇರೆ.

ಈ ಸಲ ಬಂದಾಗ ನೀನೂ ಬರೆದು ನೋಡಬೇಕು. ಎಡಗೈಯಲ್ಲಿ ಬರೆಯುವವಳಿಗೆ ಇಂಕ್ ಪೆನ್ನು ಒಗ್ಗಲ್ಲ ಅಂತ ಶಾಲೆಯಲ್ಲಿ ಬಿಟ್ಟುಬಿಟ್ಟೆ. ಕೈ ಸಾಲಿನ ಮೇಲೆ ಹೋಗಿ ಒದ್ದೆ ಅಕ್ಷರ ಒರೆಸುವುದರಿಂದ ಹಾಗಾಗುವುದು. ಹಾಳೆಯನ್ನು ಬಲಕ್ಕೆ ಓರೆ ಮಾಡಿ, ಕೈ ಸಾಲಿನ ಕೆಳಗಿಟ್ಟುಕೊಂಡರೆ ಆಗುತ್ತೆ. ಒಗ್ಗಿದರೆ ಹೇಳು, ನಿನಗೂ ಒಂದು ಸ್ಟೀಲ್ ನಿಬ್ಬಿನದು ತರಿಸುತ್ತೇನೆ.

ನಿನ್ನ ಅಪ್ಪ